ರಕ್ತ ಹೆಚ್ಚಾದವನ ದಾನ

‘ಅಕ್ಕಾ, ಇಲ್ಲಿ ಸ್ಟಿರಾಯ್ಡ್ ಅಂತ ಬರದಾರ. ಇದಕ್ಕೇನ್ ಹಾಕ್ಲಿ?’

ರಕ್ತದಾನದ ಫಾರ್ಮ್ ತುಂಬುತ್ತ ನನ್ನ ತಮ್ಮ ಹಾಗೆ ಕೇಳಿದಾಗ ನಾನು ನಕ್ಕಿದ್ದೆ. ‘ನಿನಗ್ಯಾಕಲೇ ಅದೆಲ್ಲಾ? ಇಲ್ಲ ಅಂತ ಟಿಕ್ ಹಾಕಿ ಮುಂದ ನಡಿ. ಹಿಂದ ಲೈನ್ ಎಷ್ಟದ ನೋಡು’ ಎಂದಿದ್ದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಟಿಕ್ ಹಾಕಿದ. ಮುಂದೆ ನಡೆದ.

ಇದಾಗಿ ಏಳು ತಿಂಗಳಾಯಿತು. ಆ ನಗುವನ್ನು ವಾಪಸ್ ತೆಗೆದುಕೊಳ್ಳಲು ಬರುವಂತಿದ್ದರೆ ಈ ವಾರದ ಅಂಕಣದಲ್ಲಿ ನಾನು ಬೇರೆ ಏನನ್ನಾದರೂ ಬರೆಯುತ್ತಿದ್ದೆ.

ನಾನು ಸುರಪುರದ ಕಾಲೇಜಿನಲ್ಲಿ ಪಾಠ ಹೇಳುವವಳು ಎಂಬುದು ನಿಮಗೆ ಗೊತ್ತೇ ಇದೆ. ಎನ್‌ಎಸ್‌ಎಸ್ ಜವಾಬ್ದಾರಿಯೂ ನನ್ನದೇ. ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡಬೇಕು. (ಶಿಬಿರ ಹೇಗಾಯಿತು ಎಂದು ಯಾರೂ ಕೇಳುವುದಿಲ್ಲ. ಎಷ್ಟು ಯೂನಿಟ್ ಆಯಿತು ಎಂದು ಕೇಳುತ್ತಾರೆ.) ಆ ಸಲ ಹೆಸರು ಕೊಟ್ಟವರು ಕಡಿಮೆ ಇದ್ದರು. ಯಾದಗಿರಿಯಲ್ಲಿರುವ ತಮ್ಮನಿಗೆ ಫೋನ್ ಮಾಡಿ, ‘ನಿನ್ನ ಜಿಮ್ ಹುಡುಗರನ್ನ ಕರಕೊಂಡ್ ಬಾರೋ’ ಎಂದೆ. ಬಂದ.

ತಮ್ಮನ ಹೆಸರು ಮಾಳಪ್ಪ ಎಂದಿಟ್ಟುಕೊಳ್ಳಿ. ಮೂವತ್ತೊಂದು ವರ್ಷ. ಜಿಮ್‌ನಲ್ಲಿ ಟ್ರೇನರ್. ನಾವು ರಾಮಸಮುದ್ರದ ಕಡೆಯವರು, ಕುರಿ ಮೇಯಿಸಿದ ಮನೆತನ. ಹತ್ತನೇ ಕ್ಲಾಸಿನವರೆಗೆ ಅವನೂ ಕುರಿ ಹಿಂದೆ ಓಡಾಡಿದವನೇ. ಆಗ ಎಷ್ಟು ಬಡಕಲಾಗಿದ್ದನೆಂದರೆ ಅಂಗಿ ಬಿಚ್ಚಿ ಬಾವಿಗಿಳಿಯಲು ನಾಚಿಕೊಳ್ಳುತ್ತಿದ್ದ. ಅವತ್ತು? ಟೀ ಶರ್ಟಿನ ತೋಳು ಹರಿಯುವ ಹಾಗಿತ್ತು. ಕಾಲೇಜಿನ ಗೇಟು ದಾಟುವಷ್ಟರಲ್ಲಿ ನಮ್ಮ ಹುಡುಗರು ಸೆಲ್ಫಿಗೆ ಮುತ್ತಿಕೊಂಡರು.

ಶಿಬಿರದಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ, ನೀವೂ ನೋಡಿರಬಹುದು. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಡುತ್ತಾರೆ. ಹನಿ ಮುಳುಗಿದರೆ ರಕ್ತ ಸಾಕಷ್ಟಿದೆ. ತೇಲಿದರೆ ಕಡಿಮೆ. ಅವತ್ತು ನಮ್ಮ ಹುಡುಗಿಯರ ಹನಿಗಳು ಒಂದಾದ ಮೇಲೊಂದು ತೇಲಿದವು. ಸಪ್ಪೆ ಮೋರೆ ಹಾಕಿಕೊಂಡು ವಾಪಸ್ ಬಂದರು. ಮಾಳಪ್ಪನ ಹನಿ ಮಾತ್ರ ಹರಳಿನಂತೆ ನೇರ ತಳಕ್ಕೆ ಇಳಿಯಿತು.

‘ರಕ್ತ ಅಂದ್ರ ಇದು ನೋಡ್ರಿ ಮೇಡಂ!’ ಎಂದರು ಪರೀಕ್ಷೆ ಮಾಡುತ್ತಿದ್ದವರು.

ನಾನು ಮೈಕ್ ಹಿಡಿದೆ. ಇವನು ನನ್ನ ತಮ್ಮ, ಇಂಥ ಕಡೆಯೆಲ್ಲ ರಕ್ತ ಕೊಟ್ಟಿದ್ದಾನೆ, ಇವನನ್ನು ನೋಡಿ ಕಲಿಯಿರಿ ಎಂದೆ. ಚಪ್ಪಾಳೆ ಬಿತ್ತು. ಅವನು ತಲೆ ತಗ್ಗಿಸಿದ. ನಾಚಿಕೆ ಎಂದುಕೊಂಡೆ.

ಆ ನೀಲಿ ನೀರು ಕೇಳುವುದು ಒಂದೇ ಪ್ರಶ್ನೆ: ಕಡಿಮೆ ಇದೆಯಾ? ಹೆಚ್ಚಾಗಿದೆಯಾ ಎಂದು ಅದು ಕೇಳುವುದಿಲ್ಲ. ನಮ್ಮ ಕಡೆ ಯಾರು ತಾನೇ ಕೇಳುತ್ತಾರೆ? ಹೆರಿಗೆಗೆ ಹೋದರೆ ರಕ್ತ ಕಡಿಮೆ. ಶಾಲೆಗೆ ಡಾಕ್ಟರು ಬಂದರೆ ಮಕ್ಕಳಿಗೆ ರಕ್ತ ಕಡಿಮೆ. ಇಂಥ ಸೀಮೆಯಲ್ಲಿ ಒಬ್ಬನಿಗೆ ರಕ್ತ ಜಾಸ್ತಿಯಾಗಿದೆ ಎಂದರೆ ಅದೇನು ಬೇನೆಯೇ ಎಂದು ನಗುತ್ತಾರೆ.

ಮಾಳಪ್ಪ ರಕ್ತ ಕೊಟ್ಟಾಗಲೆಲ್ಲ ಸರ್ಟಿಫಿಕೇಟಿನ ಫೋಟೊ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತಿತ್ತು. ಶಹಾಪುರ, ಯಾದಗಿರಿ, ಸುರಪುರ, ಮತ್ತೆ ಶಹಾಪುರ. ಅವ್ವ ಓಣಿಯವರಿಗೆಲ್ಲ ತೋರಿಸುತ್ತಿದ್ದಳು. ಎರಡು ದಾನಗಳ ನಡುವೆ ಗಂಡಸರಿಗೆ ಮೂರು ತಿಂಗಳ ಅಂತರ ಬೇಕು ಎಂದು ಪ್ರತಿ ವರ್ಷ ಮೈಕಿನಲ್ಲಿ ಹೇಳುವವಳೇ ನಾನು. ಆ ಫೋಟೊಗಳ ಮೇಲಿನ ತಾರೀಖುಗಳನ್ನು ಒಂದು ಸಲವಾದರೂ ನೋಡಿದೆನೇ? ಮೆಚ್ಚುಗೆಯ ಹೆಬ್ಬೆರಳಿನ ಗುರುತು ಒತ್ತಿ ಸುಮ್ಮನಾದೆ.

ಅವನ ಮುಖ ಸದಾ ಕೆಂಪಗಿರುತ್ತಿತ್ತು. ತಲೆನೋವು ಎನ್ನುತ್ತಿದ್ದ. ಅವ್ವ, ‘ಮಂದಿ ಕಣ್ಣು ಬಿದ್ದದ’ ಎಂದು ದೃಷ್ಟಿ ತೆಗೆಯುತ್ತಿದ್ದಳು. ನಾನು, ಬಿಸಿಲಿನಲ್ಲಿ ಬೈಕ್ ಹೊಡೀಬ್ಯಾಡ ಎನ್ನುತ್ತಿದ್ದೆ.

ಮೂರು ತಿಂಗಳ ಹಿಂದೆ ಒಂದು ದೇಹದಾರ್ಢ್ಯ ಸ್ಪರ್ಧೆ ಇತ್ತು. ಮಾಳಪ್ಪನಿಗೆ ಎರಡನೇ ಬಹುಮಾನ ಬಂತು. ಎಣ್ಣೆ ಹಚ್ಚಿಕೊಂಡು ನಿಂತ ಅವನ ಫೋಟೊ ಭಾನುವಾರವೆಲ್ಲ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಸೋಮವಾರ ಬೆಳಿಗ್ಗೆ ಅವನ ಹೆಂಡತಿ ಸಾವಿತ್ರಿಯ ಫೋನು.

‘ಅಕ್ಕಾರ, ಇವರಿಗಿ ಬಲಗಣ್ಣು ಕಾಣವಲ್ದಂತ. ಎದ್ದಾಗಿಂದ ಮುಂದ ಹೊಗಿ ತುಂಬಿದಂಗ ಆಗ್ಯದ ಅನ್ನಾಕತ್ತಾರ. ಲಗೂನ ಬರ್ರಿ.’

ರಜೆ ಬರೆದಿಟ್ಟು ಬಸ್ಸು ಹತ್ತಿದೆ. ಯಾದಗಿರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಣ್ಣಿನ ಡಾಕ್ಟರಮ್ಮ ನೋಡಿ ಮುಗಿಸಿದ್ದರು. ಕಣ್ಣಿನ ಹಿಂಭಾಗದ ರಕ್ತನಾಳ ಕಟ್ಟಿಕೊಂಡಿದೆ ಎಂದರು. ವಯಸ್ಸಾದವರಲ್ಲಿ, ಬಿಪಿ, ಶುಗರ್ ಇದ್ದವರಲ್ಲಿ ಇದನ್ನು ನೋಡುತ್ತೇವೆ, ಇಷ್ಟು ಗಟ್ಟಿಮುಟ್ಟಾದ ಹುಡುಗನಿಗೆ ಯಾಕಾಯಿತೋ ಎಂದು ರಕ್ತ ಪರೀಕ್ಷೆಗೆ ಬರೆದು, ಅದೇ ಆಸ್ಪತ್ರೆಯ ಹಿರಿಯ ಡಾಕ್ಟರ ಹತ್ತಿರ ಕಳಿಸಿದರು.

ಸಾವಿತ್ರಿ ಹೊರಗೆ ಬೆಂಚಿನ ಮೇಲೆ ಕೂತಳು. ತಮ್ಮನ ಜೊತೆ ಒಳಗೆ ಹೋದವಳು ನಾನು.

ಡಾಕ್ಟರು ರಿಪೋರ್ಟನ್ನು ಎರಡೆರಡು ಸಲ ನೋಡಿದರು. ‘ಹಿಮೋಗ್ಲೋಬಿನ್ ಇಪ್ಪತ್ತು ದಾಟ್ಯದ. ನೂರು ಪಾಲು ರಕ್ತದಾಗ ಕೆಂಪು ಕಣ ಐವತ್ತರ ಒಳಗ ಇರಬೇಕು. ನಿಂದು ಅರವತ್ತೊಂದು ಅದ. ರಕ್ತ ಅಲ್ಲಪ್ಪಾ ಇದು, ರಾಡಿ. ಜಿಮ್‌ದಾಗ ಸ್ಟಿರಾಯ್ಡ್ ಇಂಜೆಕ್ಷನ್ ತಗೊಳ್ತೀಯೇನು?’

‘ಇಲ್ರಿ. ಪ್ರೋಟೀನ್ ಅಷ್ಟ ರೀ.’

ಡಾಕ್ಟರು ಪೆನ್ನು ಕೆಳಗಿಟ್ಟರು. ‘ನಾ ಪೊಲೀಸ್ ಅಲ್ಲ. ಇನ್ನೊಂದು ಕಣ್ಣು ಉಳಸಬೇಕಾಗ್ಯದ, ತಲಿ ಉಳಸಬೇಕಾಗ್ಯದ. ಅದಕ್ಕ ಕೇಳಾಕತ್ತೀನಿ.’

ಮಾಳಪ್ಪ ನನ್ನ ಕಡೆ ತಿರುಗಿದ. ‘ಅಕ್ಕಾ, ನೀ ಸ್ವಲ್ಪ ಹೊರಗ ಹೋಗು.’

ನಾನು ಹೋಗಲಿಲ್ಲ.

‘ತಗೊಳ್ತೀನ್ರಿ. ಮೂರು ವರ್ಷಾತು. ವಾರಕ್ಕೆರಡು. ಈ ಸ್ಪರ್ಧಾ ಸಲುವಾಗಿ ಸ್ವಲ್ಪ ಜಾಸ್ತಿ ಮಾಡಿದ್ದೆ. ಮೈ ಎದ್ದು ಕಾಣಲಿ ಅಂತ ಎರಡು ದಿನ ನೀರು ಕುಡಿಯೋದೂ ಬಿಟ್ಟಿದ್ದೆ.’

‘ಇದರಿಂದ ರಕ್ತ ಗಟ್ಟಿ ಆಗ್ತದ ಅಂತ ಗೊತ್ತಿರಲಿಲ್ಲೇನು?’

‘ಗೊತ್ತಿತ್ರಿ. ಅದಕ್ಕೇ ಕೊಡ್ತಿದ್ದೆ.’

‘ಏನು?’

‘ರಕ್ತ ರೀ. ಇಂಜೆಕ್ಷನ್ ಕೊಡ್ತಿದ್ದ ಮಾಸ್ಟರ್ ಹೇಳಿದ್ದ, ರಕ್ತ ಕೊಟ್ಟರ ಕೌಂಟ್ ಇಳೀತದಂತ. ದಾನಾನೂ ಆತು, ದವಾನೂ ಆತು ಅಂತಿದ್ದ. ಕೊಟ್ಟ ಮ್ಯಾಲ ಹದಿನೈದು ದಿನ ತಲಿ ಹಗುರ ಇರ್ತಿತ್ತು. ಮತ್ತ ಭಾರ ಆದ್ರ ಇನ್ನೊಂದು ಊರಿನ ಕ್ಯಾಂಪ್ ಹುಡುಕ್ತಿದ್ದೆ. ಈ ಸಲ ರಕ್ತ ಕೊಟ್ರ ವೇಟ್ ಎತ್ತಾಕ ದಮ್ ಬರಂಗಿಲ್ಲ ಅಂತ ಮೂರು ತಿಂಗಳು ಕೊಡಲಿಲ್ಲ.’

ಡಾಕ್ಟರು ಸಿಟ್ಟಾಗಲಿಲ್ಲ. ಅವರ ದನಿಯಲ್ಲಿ ದಣಿವಿತ್ತು. ‘ತೊಟ್ಟಿ ತುಂಬಿ ಹರಿಯಾಕತ್ತದ ಅಂತ ತಂಬಿಗಿಲೇ ನೀರು ಹೊರಗ ಚೆಲ್ಲಿದಿ. ನಳ ಬಂದ್ ಮಾಡಲಿಲ್ಲ.’

‘ಆ ರಕ್ತ ಯಾರಿಗೆ ಹೋಗಿದೆಯೋ ಡಾಕ್ಟ್ರೇ, ಅವರಿಗೇನಾದರೂ...’ ಎಂದು ನಾನು ಕೇಳಿದೆ.

‘ಕೇಡಾಗ್ಯದ ಅಂತ ನಾ ಹೇಳಂಗಿಲ್ರಿ. ಆಗಿಲ್ಲ ಅಂತನೂ ಹೇಳಂಗಿಲ್ಲ. ಬಸುರಿಗಿ ಹಾಕಿರಬಹುದು, ಕೂಸಿಗಿ ಹಾಕಿರಬಹುದು. ಈ ರಕ್ತ ನಡೀತದೋ ಇಲ್ಲೋ ಅನ್ನೋದು ಬ್ಲಡ್ ಬ್ಯಾಂಕಿನವರು ನೋಡಬೇಕಿತ್ತು. ಅದಕ್ಕೇ ಅಲ್ರೀ ಆ ಫಾರ್ಮ್ ತುಂಬಸೋದು? ಇಂವ ಅವರಿಗಿ ಗೊತ್ತೇ ಆಗಗೊಡಲಿಲ್ಲ.’

ಇಂವ ಒಬ್ಬನೇ ಅಲ್ಲ ಎಂದು ನಾನು ಹೇಳಬೇಕಿತ್ತು.

ಡಾಕ್ಟರು ಬರೆಯುತ್ತ ಬರೆಯುತ್ತ ಕೇಳಿದರು: ‘ಮಕ್ಕಳೆಷ್ಟು?’

‘ಇಲ್ರಿ. ಮದಿವಿ ಆಗಿ ಎರಡೂವರಿ ವರ್ಷಾತು.’

‘ಈ ಇಂಜೆಕ್ಷನ್ ತಗೊಂಡ್ರ ಗಂಡಸಿನ ವೀರ್ಯಾಣು ಕಡಿಮಿ ಆಗ್ತಾವ. ಕೆಲವರಿಗಿ ಪೂರಾ ನಿಂತು ಹೋಗ್ತಾವ. ಬಿಟ್ಟರ ಬಹಳ ಮಂದಿಗಿ ವಾಪಸ್ ಬರ್ತಾವ, ಟೈಮ್ ಹಿಡೀತದ. ಇದು ಗೊತ್ತಿತ್ತೇನು?’

‘ಗೊತ್ತಿತ್ರಿ’ ಎಂದ ಮಾಳಪ್ಪ, ಬಾಗಿಲ ಕಡೆ ನೋಡಿ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಹುಡುಗಿಯನ್ನು ಈ ಎರಡು ವರ್ಷದಲ್ಲಿ ಶಹಾಪುರದ ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಯಾರು? ನಾನೇ. ಮೂರು ಸಲ. ಸ್ಕ್ಯಾನಿಂಗ್, ಆ ಟೆಸ್ಟು, ಈ ಟೆಸ್ಟು. ಎಲ್ಲ ಸರಿ ಇದೆ, ಗಂಡನನ್ನೂ ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಆ ಡಾಕ್ಟರು ಹೇಳಿದ್ದರು. ‘ಅಂವಗೇನಾಗ್ಯದ, ಗೂಳಿ ಇದ್ದಂಗಿದ್ದಾನ’ ಎಂದಿದ್ದಳು ಅವ್ವ. ನಾನು? ನಾನು ಎಂ.ಎ. ಓದಿದವಳು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಬಾಯಿಬಿಟ್ಟು ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ಸಂಜೆ ಅವನಿಂದ ರಕ್ತ ತೆಗೆದರು. ಈ ಸಲ ಚಿಕಿತ್ಸೆಗೆಂದು, ಡಾಕ್ಟರ ಕಣ್ಣೆದುರಿಗೆ. ಚೀಲ ತುಂಬುವುದನ್ನು ಸಾವಿತ್ರಿ ನೋಡುತ್ತ ನಿಂತಿದ್ದಳು. ಕಪ್ಪಗೆ, ನಿಧಾನವಾಗಿ ತುಂಬುತ್ತಿತ್ತು.

‘ಸಿಸ್ಟರ್, ಇದು ಯಾರಿಗ್ರಿ?’ ಎಂದು ಕೇಳಿದಳು.

‘ಯಾರಿಗೂ ಇಲ್ಲವ್ವಾ. ಇದನ್ನ ಒಗೀತೀವಿ.’

ಅವತ್ತೇ ಮಾಳಪ್ಪ ಹೆಂಡತಿಗೆ ಎಲ್ಲ ಹೇಳಿದ. ಅವಳು ಅಳಲಿಲ್ಲ, ಬೈಯಲಿಲ್ಲ. ವಾರ್ಡಿನ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ತನ್ನ ಮೊಣಕೈಯ ಒಳಭಾಗವನ್ನು ಸವರಿಕೊಳ್ಳುತ್ತ ಹೇಳಿದಳು: ‘ನಂದೂ ಎಷ್ಟು ಸಲ ರಕ್ತ ತೆಗದ್ರಲ್ರಿ ಅಕ್ಕಾರ, ಟೆಸ್ಟಿಗಂತ. ಅದೆಲ್ಲ ದಂಡಕ್ಕ ಹೋತು ಹಂಗಾರ.’

ನನ್ನ ಬಳಿ ಮೈಕ್ ಇದ್ದಾಗ ಎಷ್ಟೊಂದು ಮಾತುಗಳಿದ್ದವು.

ಮರುದಿನ ನಮ್ಮ ಶಿಬಿರಕ್ಕೆ ಬಂದಿದ್ದ ರಕ್ತನಿಧಿಗೆ ಫೋನ್ ಮಾಡಿದೆ. ಇಂಥ ದಿನ, ಇಂಥ ಹೆಸರಿನ ದಾನಿ, ಫಾರ್ಮಿನಲ್ಲಿ ಸುಳ್ಳು ಬರೆದಿದ್ದಾನೆ, ಬರೆಸಿದವಳು ನಾನು ಎಂದೆ. ಆ ಕಡೆಯವರು ಸ್ವಲ್ಪ ಹೊತ್ತು ಹುಡುಕಿ ಹೇಳಿದರು: ‘ಮೇಡಂ, ಆ ಯೂನಿಟ್ ಯಾವಾಗೋ ಹೋಗ್ಯದ ರೀ. ಯಾರಿಗಿ ಅಂತ ಹೇಳಾಕ ಬರಂಗಿಲ್ಲ. ಬರಕೊಂಡೀನಿ, ಸಾಹೇಬರಿಗಿ ತಿಳಸ್ತೀನಿ.’

‘ಅವರಿಗೇನಾಗಿರಬಹುದು?’

‘ಏನೂ ಆಗಿರಲಿಕ್ಕಿಲ್ಲ ಅನ್ಕೋರಿ ಮೇಡಂ.’

ಅಂದುಕೊಳ್ಳಲು ಯತ್ನಿಸುತ್ತಿದ್ದೇನೆ. ಉಳಿದ ಊರುಗಳ ರಕ್ತನಿಧಿಗಳಿಗೆ ಮಾಳಪ್ಪನೇ ಫೋನ್ ಮಾಡಿದ. ನಾನು ಪಕ್ಕದಲ್ಲಿ ಕೂತಿದ್ದೆ. ಪ್ರತಿ ಸಲವೂ ತನ್ನ ಪೂರ್ತಿ ಹೆಸರು ಹೇಳಿ, ಮೊದಲಿನಿಂದ ಶುರು ಮಾಡಬೇಕಿತ್ತು. ಮೂರನೆಯ ಫೋನಿನ ಹೊತ್ತಿಗೆ ಅವನ ದನಿ ಹೋಗಿತ್ತು.

(ಒಂದು ಮಾತು. ಇದನ್ನು ಓದಿ ರಕ್ತ ಕೊಡುವುದನ್ನು ಬಿಡಬೇಡಿ. ಕೊಡಿ. ಆದರೆ ಆ ಫಾರ್ಮನ್ನು ಒಬ್ಬರೇ ಕೂತು ಓದಿ. ಅವಸರ ಮಾಡುವ ಅಕ್ಕಂದಿರನ್ನು ದೂರ ಇಡಿ.)

ಇದನ್ನೆಲ್ಲ ಬರೆಯಲೇ ಎಂದು ಮಾಳಪ್ಪನನ್ನೇ ಕೇಳಿದೆ. ‘ಬರಿ ಅಕ್ಕಾ, ಹೆಸರು ಹಾಕಿದ್ರೂ ನಡೀತದ’ ಎಂದ. ಹಾಕುವ ಧೈರ್ಯ ನನಗಾಗಲಿಲ್ಲ.

ಈಗ ಅವನ ಬಲಗಣ್ಣಿಗೆ ಬೆಳಕು, ನೆರಳು ಅಷ್ಟೇ ತಿಳಿಯುತ್ತದೆ. ಅದು ಇನ್ನು ಸುಧಾರಿಸುವುದು ಕಷ್ಟವಂತೆ. ಇಂಜೆಕ್ಷನ್ ಬಿಟ್ಟಿದ್ದಾನೆ. ಬಿಟ್ಟ ಮೇಲೆ ಮೈಯಷ್ಟೇ ಅಲ್ಲ, ಮನಸ್ಸೂ ಕುಸಿದಿದೆ. ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತಾನೆ. ಅದಕ್ಕೂ ಡಾಕ್ಟರು ಔಷಧಿ ಕೊಟ್ಟಿದ್ದಾರೆ. ಜಿಮ್‌ನವರು ‘ಆರಾಮ ಮಾಡು, ಆಮ್ಯಾಲ ನೋಡೂಣು’ ಎಂದಿದ್ದಾರೆ. ಹಾಗೆಂದರೇನು ಎಂದು ಅವನಿಗೂ ಗೊತ್ತು. ಸಾವಿತ್ರಿ ಗೋಗಿಯ ತವರಿಗೆ ಹೋಗಿ ಒಂದು ತಿಂಗಳು ಇದ್ದು ಬಂದಳು. ಅಡುಗೆ ಮಾಡುತ್ತಾಳೆ, ಕಣ್ಣಿಗೆ ಹನಿ ಹಾಕುತ್ತಾಳೆ. ಮಾತಿಲ್ಲ.

ಕಳೆದ ಭಾನುವಾರ ಅವನನ್ನು ಬಲವಂತದಿಂದ ಹೊರಡಿಸಿಕೊಂಡು ಯಾದಗಿರಿಯ ಬಜಾರಿಗೆ ಹೋಗಿದ್ದೆ. ಹಳೆಯ ಟೀ ಶರ್ಟು ಅವನ ಮೈಮೇಲೆ ಜೋತಾಡುತ್ತಿತ್ತು. ಬಲಗಡೆಯಿಂದ ಬರುವ ಬೈಕುಗಳು ಕಾಣದೆ ಗಾಬರಿಯಾಗಿ ನನ್ನ ತೋಳು ಹಿಡಿದುಕೊಳ್ಳುತ್ತಿದ್ದ. ಕಾಯಿಪಲ್ಲೆ ಕೊಳ್ಳುವಷ್ಟರಲ್ಲಿ ಮೂರು ಮಂದಿ ಪರಿಚಯದವರು ನಿಲ್ಲಿಸಿ ಕೇಳಿದರು. ‘ಯಾಕೋ ಮಾಳಪ್ಪಾ, ಹಿಂಗ್ಯಾಕ ಸೊರಗೀದಿ? ಆರಾಮಿಲ್ಲೇನು? ಚಲೋ ಡಾಕ್ಟರಿಗಿ ತೋರಸು.’

ಹಿಂದಿನ ದಿನವಷ್ಟೇ ರಿಪೋರ್ಟ್ ಬಂದಿತ್ತು. ಮೂರು ವರ್ಷಗಳಲ್ಲಿ ಮೊದಲ ಸಲ ಅವನ ರಕ್ತ ಇರಬೇಕಾದಷ್ಟೇ ಇತ್ತು.

ಮೂರನೆಯವರು ಹೋದ ಮೇಲೆ ಮಾಳಪ್ಪ ಒಂದು ಥರ ನಕ್ಕ. ‘ಈಗ ಎಲ್ಲಾರೂ ಕೇಳಾಕತ್ತಾರ ಅಕ್ಕಾ. ಅವಾಗ ಒಬ್ಬರೂ ಕೇಳಲಿಲ್ಲ ನೋಡು.’

ಕೇಳದವರಲ್ಲಿ ಮೊದಲನೆಯವಳು ಅವನ ಕೈಚೀಲ ಹಿಡಿದುಕೊಂಡು ಪಕ್ಕದಲ್ಲೇ ನಡೆಯುತ್ತಿದ್ದಳು.