ಬೀಸಣಿಗಿ ಓತಿಯ ಮಣ್ಣು

ನಿಜಾಮರ ಕಾಲ. ಯಲಬುರ್ಗಾದ ಹತ್ತಿರ, ನಮ್ಮೂರ ಹಿಂದಿನ ಕುರುಚಲು ಗುಡ್ಡದಲ್ಲಿ ಗೇಣುದ್ದದ ಓತಿಗಳಿದ್ದವು. ಊರವರಿಗೆ ಎಲ್ಲವೂ ಓತಿಕ್ಯಾತಗಳೇ. ನನ್ನ ತಮ್ಮ ಮಾತ್ರ ಇವನ್ನು ಬೀಸಣಿಗಿ ಓತಿ ಅನ್ನುತ್ತಿದ್ದ. ಮೈ ಮಣ್ಣಿನ ಬಣ್ಣ, ಎದುರಿಗೇ ಕೂತರೂ ಕಾಣುತ್ತಿರಲಿಲ್ಲ. ಬೇಸಿಗೆ ಕಾವೇರಿದಾಗ ಗಂಡು ಓತಿ ಕಲ್ಲು ಹತ್ತಿ, ಗಂಟಲ ಕೆಳಗೆ ಮಡಚಿಟ್ಟ ಚರ್ಮವನ್ನು ಬಿಚ್ಚುತ್ತಿತ್ತು. ನೀಲಿ, ಕಪ್ಪು, ಕೆಂಪು. ಬಿಚ್ಚುವುದು, ಮುಚ್ಚುವುದು. ಹೆಣ್ಣಿಗೆ ಆ ಸೊಗಸಿಲ್ಲ. ತಮ್ಮ ಆಡು ಕಾಯುವುದನ್ನು ಮರೆತು ಅದರ ಮುಂದೆ ಬೋರಲು ಮಲಗಿರುತ್ತಿದ್ದ. ಆಡುಗಳು ಯಾರದೋ ಹೊಲಕ್ಕೆ ನುಗ್ಗಿದರೆ ಬೈಸಿಕೊಳ್ಳುತ್ತಿದ್ದವಳು ನಾನು.

ಒಂದು ವರ್ಷ ಮೊದಲ ಮಳೆ ಬಿದ್ದ ಮೇಲೆ ಹೆಣ್ಣು ಓತಿ ಬದುವಿನ ಕೆಳಗೆ ಮೆತ್ತನೆಯ ಮಣ್ಣು ಕೆದರಿ ತತ್ತಿ ಇಟ್ಟು, ಮೂತಿಯಿಂದಲೇ ತಟ್ಟಿ ತಟ್ಟಿ ಮುಚ್ಚಿತು. ಇಬ್ಬರೂ ಉಸಿರು ಹಿಡಿದು ನೋಡಿದೆವು. ಅಷ್ಟರಲ್ಲಿ ಸೋದರಮಾವ ಬಿತ್ತಿಗೆಗೆಂದು ತಮ್ಮನನ್ನು ಕುಷ್ಟಗಿಗೆ ಕರೆದುಕೊಂಡು ಹೊರಟ. ತಮ್ಮ ನನ್ನ ಕೈ ಹಿಡಿದು, “ಅಕ್ಕಾ, ಆ ಮಣ್ಣು ಯಾರಿಗೂ ಮುಟ್ಟಗೊಡಬ್ಯಾಡ. ಮರಿ ಹೊಂಟ್ರ ನೋಡಿಟ್ಟಕೋ, ಬಂದ ಮ್ಯಾಲ ನನಗ ಹೇಳು” ಅಂದ.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಪೂಜೆಯ ಎತ್ತು ಮಾಡಲು ಹರಳಿಲ್ಲದ ಮಣ್ಣು ಬೇಕು. ಹಳ್ಳದ ದಂಡೆಯಲ್ಲಿ ಸಿಗುತ್ತಿತ್ತು, ಆದರೆ ದೂರ. ಬದುವಿನ ಮಣ್ಣು ಹತ್ತಿರ, ಬೆಣ್ಣೆಯಂತೆ ಮೆತ್ತಗೆ. ಓತಿ ಅಲ್ಲಿಗೆ ಯಾಕೆ ಬಂದಿತ್ತೋ ನಾನೂ ಅದಕ್ಕೇ ಹೋದೆ. ತತ್ತಿ ಇರುವುದು ಆಚೆ ಬದಿಗೆ ಎಂದುಕೊಂಡು ಈಚೆಯಿಂದ ಬುಟ್ಟಿ ತುಂಬಿದೆ. ಮನೆಯಲ್ಲಿ ನೀರು ಹಾಕಿ ಕಲಸುವಾಗ ಬೆರಳಿಗೆ ಅಂಟು ಹತ್ತಿತು. ಬಿಳಿ ಸಿಪ್ಪೆಯ ಚೂರು ಕಂಡವು. ಅವ್ವ ನೋಡುತ್ತಿದ್ದಳು, ನಾನು ಇನ್ನೂ ಜೋರಾಗಿ ನಾದಿದೆ. ಎತ್ತುಗಳು ಚೆಂದ ಬಂದವು. ಕಣ್ಣಿಗೆ ಜೋಳದ ಕಾಳು ಇಟ್ಟೆ.

ಪೂಜೆಯ ಹೊತ್ತಿಗೆ ತಮ್ಮ ಬಂದ. ಕಾಲು ತೊಳೆದವನೇ ಎತ್ತುಗಳ ಮುಂದೆ ಅಡ್ಡಬಿದ್ದ. ಎದ್ದವನು ಕಡುಬು ಮುಟ್ಟುವ ಮೊದಲೇ, “ಮರಿ ಹೊಂಟುವೇನು?” ಅಂದ.

“ಹೂಂ, ಮೊನ್ನೇನ ಹೋದುವು.”

ಬಾಲ ಎಷ್ಟುದ್ದ ಇತ್ತು, ಯಾವ ಕಡೆ ಓಡಿದವು, ನನ್ನನ್ನು ಕಂಡು ಹೆದರಿದವೇ ಎಂದೆಲ್ಲ ಕೇಳಿದ. ಎಲ್ಲಕ್ಕೂ ಉತ್ತರ ಕೊಟ್ಟೆ. ಮರುದಿನ ಓಣಿಯ ಹುಡುಗಿಯರು ತಂತಮ್ಮ ಎತ್ತುಗಳನ್ನು ಬಾವಿಗೆ ಬಿಟ್ಟರು. ನಾನು ನನ್ನವನ್ನು ಬದುವಿನ ಗುಂಡಿಯಲ್ಲಿ ಇಟ್ಟು ಮುಚ್ಚಿ ಬಂದೆ.

ಮುಂದಿನ ಬೇಸಿಗೆಗೆ ಅದೇ ಕಲ್ಲಿನ ಮೇಲೆ ಗಂಡೊಂದು ಬೀಸಣಿಗೆ ಬಿಚ್ಚಿತು. ಇದು ನಮ್ಮ ಮರಿಯೇ, ಅಕ್ಕ ಕಾಯ್ದದ್ದು ಎಂದು ನನ್ನ ತಮ್ಮ ಊರೆಲ್ಲ ಹೇಳಿಕೊಂಡು ತಿರುಗಿದ.

ನಾನು ಸಾಲಿ ಕಲಿತದ್ದು ಕಡಿಮೆ. ಹೇಗೋ ಇಷ್ಟು ಬರೆದೆ; ಅವನೆದುರು ಹೇಳಲು ಬಾಯಿ ಬರುವುದಿಲ್ಲ. ಗಂಗಾವತಿಯ ನನ್ನ ಮನೆಗೆ ಬಂದಾಗಲೆಲ್ಲ ಅವನು ಮಗಳನ್ನು ನನ್ನ ಮುಂದೆ ಕೂಡಿಸಿ, “ನಿಮ್ಮ ಅತ್ತೀನ್ನ ಕೇಳು, ಆಕಿ ಕಣ್ಣಾರೆ ನೋಡ್ಯಾಳ” ಅನ್ನುತ್ತಾನೆ. ಹುಡುಗಿ ನನ್ನ ಮುಖ ನೋಡುತ್ತದೆ. ನಾನು ಕಿರುಬೆರಳು ಎತ್ತಿ, ಬಾಲ ಇಷ್ಟುದ್ದ ಇತ್ತವ್ವ ಎಂದು ಶುರು ಮಾಡುತ್ತೇನೆ.