ಹುಳದಕ್ಕ ಸಹಿ ಹಾಕಿದ ವರದಿ

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನದು ರಕ್ತದ ಮೇಜು, ಎದುರಿನದು ಮಲಪರೀಕ್ಷೆಯ ಮೇಜು. ಇಪ್ಪತ್ತಾರು ವರ್ಷದಿಂದ ಅಲ್ಲಿ ಕೂತವಳನ್ನು ಎಲ್ಲರೂ ಹುಳದಕ್ಕ ಎನ್ನುತ್ತಾರೆ. ಮೂಗು ಮುಚ್ಚಿಕೊಂಡು ಕಿಸಕ್ಕೆಂದು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳಿಗೇನೂ ಅನಿಸುತ್ತಿರಲಿಲ್ಲ. "ನಗ್ಲಿ ಬಿಡೇ, ನಾಳೆ ಹೊಟ್ಟೆ ಹಿಡ್ಕೊಂಡು ಇಲ್ಲಿಗೇ ಬರ್ತಾರೆ" ಎನ್ನುತ್ತಿದ್ದಳು.

ಹುಳ ಹರಿದಾಡುವುದನ್ನು ತೋರಿಸುವುದೆಂದರೆ ಅವಳಿಗೆ ಪ್ರಾಣ. ಕೆಲಸ ಕಲಿಯಲು ಬಂದ ಹುಡುಗಿಯರನ್ನು ಒಬ್ಬೊಬ್ಬರಾಗಿ ಮೈಕ್ರೋಸ್ಕೋಪಿನ ಮುಂದೆ ಕೂರಿಸುತ್ತಿದ್ದಳು. "ಎರೆಹುಳದ ಥರ ಹಿಗ್ಗಿ ಕುಗ್ಗಲ್ಲ ನೋಡ್ರೇ ಇದು. ಮೈಯುದ್ದಕ್ಕೂ ಎಳೆಯೋ ಸ್ನಾಯು ಮಾತ್ರ ಇದಕ್ಕೆ, ಸುತ್ತ ಬಿಗಿಯೋದು ಇಲ್ವೇ ಇಲ್ಲ. ಬೆನ್ನಿನ ಕಡೆ ಎಳ್ಕೊಂಡ್ರೆ ಆ ಕಡೆ ಬಾಗುತ್ತೆ, ಹೊಟ್ಟೆ ಕಡೆ ಎಳ್ಕೊಂಡ್ರೆ ಈ ಕಡೆ. ಒಳಗೆ ನೀರು ಒತ್ತಿ ತುಂಬಿರೋದ್ರಿಂದ ಮೈ ಮುದುರಲ್ಲ. ಬರೀ ನೀರಲ್ಲಿ ಬಿಟ್ರೆ ಇದ್ದಲ್ಲೇ ಒದ್ದಾಡುತ್ತೆ. ಪಕ್ಕದಲ್ಲಿ ಒತ್ತೋಕೆ ಏನಾದ್ರೂ ಸಿಕ್ರೆ ಸರಸರ ಮುಂದಕ್ಕೆ ಹೋಗುತ್ತೆ."

ಅವಳ ತಮ್ಮ ಇಟ್ಟಿಗೆ ಮಾಡುವವನು, ದಿನವಿಡೀ ಬರಿಗಾಲಲ್ಲಿ ಮಣ್ಣು ತುಳಿಯುವ ಕೆಲಸ. ಉಬ್ಬಸ ವಿಪರೀತವಾದಾಗ ಡಾಕ್ಟರು ಸ್ಟೀರಾಯ್ಡ್ ಶುರುಮಾಡುವ ಮುಂಚೆ ಮಲಪರೀಕ್ಷೆಗೆ ಬರೆದರು. ಕಾರಣವಿತ್ತು. ಮಣ್ಣಿನಿಂದ ಬರಿಗಾಲೊಳಗೆ ನುಗ್ಗುವ ಒಂದು ಜಾತಿಯ ದುಂಡುಹುಳ ಹೊಟ್ಟೆಯೊಳಗೇ ಮರಿಯಾಗಿ ಅದೇ ದೇಹಕ್ಕೆ ಮತ್ತೆ ನುಗ್ಗುತ್ತದೆ. ವರ್ಷಗಟ್ಟಲೆ ತೆಪ್ಪಗಿರುವ ಅದು, ಸ್ಟೀರಾಯ್ಡ್ ಬಿದ್ದರೆ ಮೈಯೆಲ್ಲ ಹಬ್ಬಿ ಕೊಲ್ಲುತ್ತದೆ. ಕೊಕ್ಕೆಹುಳ ಹಾಗಲ್ಲ, ಮೊಟ್ಟೆಯಾಗಿಯೇ ಹೊರಬರುತ್ತದೆ. ಆದರೆ ಮಲದ ಡಬ್ಬಿ ಒಂದೆರಡು ದಿನ ಹಾಗೇ ಇದ್ದರೆ ಆ ಮೊಟ್ಟೆಯೂ ಒಡೆದು ಮರಿಯಾಗುತ್ತದೆ. ನೋಡಲು ಎರಡೂ ಮರಿಗಳು ಒಂದೇ ಥರ. ಅಯೋಡಿನ್ ಹನಿ ಹಾಕಿ, ಹುಳ ಸತ್ತು ನಿಂತ ಮೇಲೆ ಬಾಯಿಯ ಉದ್ದ ನೋಡಿಯೇ ಯಾವುದೆಂದು ಹೇಳಬೇಕು.

ಅವತ್ತು ಸ್ಲೈಡಿನ ತುಂಬ ಮರಿಗಳು. ಕಿಟಕಿಯಾಚೆ ನಿಂತ ತಮ್ಮನನ್ನು ಅವಳು ರೇಗಿಸಿದಳು.

"ಯಾವತ್ತಿಂದೋ ಇದು, ಸೋಮಾರಿ? ಮೊನ್ನೆದಾ?"

"ಇವತ್ ಬೆಳಿಗ್ಗೆದೇ ಅಕ್ಕ. ನಿನ್ನಾಣೆ."

"ನಿನ್ನ ಬೆಳಿಗ್ಗೆ ನಂಗೊತ್ತಿಲ್ವೇನೋ! ಸ್ಕೂಲ್ ಬಿಡೋ ಹೊತ್ಗೆ ಬ್ಯಾಗ್ ಹುಡುಕ್ತಿದ್ದೋನು ನೀನು."

ಎಲ್ಲರೂ ನಕ್ಕರು. ನಾನೂ ನಕ್ಕೆ, ದರಿದ್ರದವಳು. ಹುಡುಗಿಯರು ಸಾಲಾಗಿ ಕಾಯುತ್ತಿದ್ದರು. ಅಯೋಡಿನ್ ಬಿದ್ದರೆ ಓಡಾಟ ನಿಂತುಹೋಗುತ್ತದೆಂದು ಅವಳು ಹಾಕಲೇ ಇಲ್ಲ. ಎಲ್ಲರಿಗೂ ತೋರಿಸಿ, ಸ್ಲೈಡು ಎಸೆದು, 'ಕೊಕ್ಕೆಹುಳದ ಮರಿ, ಹಳೆಯ ಮಾದರಿ' ಎಂದು ಬರೆದು ಸಹಿ ಹಾಕಿದಳು. ಡಾಕ್ಟರು ಕೊಕ್ಕೆಹುಳಕ್ಕೊಂದು ಮಾತ್ರೆ ಕೊಟ್ಟು ಸ್ಟೀರಾಯ್ಡ್ ಶುರುಮಾಡಿದರು. ಮೊದಲ ವಾರ ಉಬ್ಬಸ ಇಳಿಯಿತು. ಆ ಖುಷಿಗೆ ಅವಳು ನಮಗೆಲ್ಲ ಟೀ ಕುಡಿಸಿದಳು.

ಇಪ್ಪತ್ತನೆಯ ದಿನ ಅವನನ್ನು ಹೊತ್ತು ತಂದರು. ಕಫದ ಡಬ್ಬಿ ನಮ್ಮ ಲ್ಯಾಬಿಗೇ ಬಂತು. ಅವಳು ತುಂಬ ಹೊತ್ತು ಬಗ್ಗಿ ನೋಡಿದಳು. ಆಮೇಲೆ, "ನೀನೊಂದ್ಸಲ ನೋಡೇ, ನಂಗೆ ಸರಿಯಾಗಿ ಕಾಣ್ತಿಲ್ಲ" ಎಂದಳು. ನೋಡಿದೆ. ಅವನ ಎದೆಯಿಂದ ಬಂದ ಕಫದಲ್ಲಿ ಹುಳಗಳು ಹರಿದಾಡುತ್ತಿದ್ದವು.

"ಅವತ್ ಬೆಳಿಗ್ಗೆದೇ ಅಂತ ಅವ್ನು ನಿಜಾನೇ ಹೇಳಿದ್ನಲ್ಲೇ" ಎಂದಳು.

ಇಬ್ಬರೂ ವಾರ್ಡಿಗೆ ಓಡಿದೆವು. ತನ್ನ ತಪ್ಪನ್ನು ಅವಳು ಡಾಕ್ಟರಿಗೆ ಒಂದೂ ಬಿಡದೆ ಹೇಳಿದಳು, ಔಷಧಿ ಬದಲಾಯಿತು. ಆದರೆ ಕೈಮೀರಿತ್ತು. ತಮ್ಮನ ಪಕ್ಕ ಕೂತು ಅವನಿಗೂ ಹೇಳಿಬಿಟ್ಟಳು. ಉಸಿರಿಗೆ ಒದ್ದಾಡುತ್ತಲೇ ಅವನು, "ಇರ್ಲಿ ಬಿಡಕ್ಕ. ಅಮ್ಮಂಗೆ ಮಾತ್ರ ಹೇಳ್ಬೇಡ" ಎಂದ. ಮಾರನೆಯ ದಿನ ಮಧ್ಯಾಹ್ನ ಹೋಗಿಬಿಟ್ಟ.

ಕಾರಿಡಾರಿನ ಬೆಂಚಿನ ಮೇಲೆ ಅವರಮ್ಮ ಕೂತಿದ್ದರು. ಅತ್ತೂ ಅತ್ತೂ ಸುಸ್ತಾಗಿ, ಮಗಳ ಎರಡೂ ಕೈ ಹಿಡಿದು ಮಡಿಲಲ್ಲಿಟ್ಟುಕೊಂಡರು.

"ನೀನಿಲ್ಲಿದ್ಯಲ್ಲಮ್ಮ, ಅದೊಂದೇ ನಂಗೆ ಸಮಾಧಾನ. ಬೇರೆಯೋರಾಗಿದ್ರೆ ಅವ್ನಿಗೆ ಇಷ್ಟು ಮಾಡ್ತಿದ್ರಾ?"

ಹುಳದಕ್ಕ ಕೈ ಬಿಡಿಸಿಕೊಳ್ಳಲಿಲ್ಲ.

"ಇಲ್ಲಮ್ಮ, ಮಾಡ್ತಿರ್ಲಿಲ್ಲ" ಎಂದಳು.