ಒಂದೇ ಗುರ್ದಾದ ಕುರಿ

ನಮ್ಮ ದೊಡ್ಡಪ್ಪ ಆದೆಪ್ಪನಿಗೆ ಪಾಮನಕಲ್ಲೂರಿನ ಜನ ಬೆನ್ನ ಹಿಂದೆ ಇಟ್ಟಿದ್ದ ಹೆಸರು ಯಾಕಪ್ಪ. ಬಾಯಿ ಬಂದಾಗಿನಿಂದ ಅವನು ಆಡಿದ್ದು ಯಾಕ, ಹೆಂಗ ಎಂಬ ಎರಡೇ ಮಾತು ಎಂದು ದೊಡ್ಡವ್ವ ಜೋಗಮ್ಮ ಹೇಳುತ್ತಿದ್ದಳು. ಎತ್ತು ಮಲಗಿ ಮೆಲುಕು ಹಾಕುತ್ತಿದ್ದರೆ ಇವನು ಅದರ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಒಂದು ತುತ್ತನ್ನು ಎಷ್ಟು ಸಲ ಅಗಿಯುತ್ತದೆ ಎಂದು ನೋಡುತ್ತಿದ್ದನಂತೆ. ಇಂಥವನ ಸಂಗಡ ಸಂಸಾರ ಮಾಡಿದ ದೊಡ್ಡವ್ವನಿಗೆ ಮೇಲೆ ಒಂದು ಒಳ್ಳೆಯ ಜಾಗ ಸಿಕ್ಕಿರಲೇಬೇಕು.

ಅವನಿಗೆ ರೋಗ ಬಂದದ್ದು ನಿಜಾಮರ ಕಾಲದಲ್ಲಿ, ಫಸಲಿ ಸಾವಿರದ ಮುನ್ನೂರ ನಲವತ್ತಾರರ, ಅಂದರೆ ಈಗಿನ ಲೆಕ್ಕಕ್ಕೆ ಸಾವಿರದ ಒಂಬೈನೂರ ಮೂವತ್ತೇಳರ ಬೇಸಿಗೆಯಲ್ಲಿ. ಆಗ ಅವನಿಗೆ ನಲವತ್ತರ ಮೇಲೆ ಐದೋ ಆರೋ ವರ್ಷ. ಒಂದು ಬೆಳಿಗ್ಗೆ ಹೊಲದ ಬದುವಿನಲ್ಲಿ ಕೂತಾಗ ಮೂತ್ರ ಕೆಂಪಗೆ ಹೋಯಿತು. ನೋವಿಲ್ಲ, ಉರಿಯೂ ಇಲ್ಲ. ದೊಡ್ಡವ್ವ "ಉಷ್ಣ ಆಗೈತಿ" ಎಂದು ನೆಗ್ಗಿನಮುಳ್ಳಿನ ಕಷಾಯ ಕುಡಿಸಿದಳು. ಐದನೇ ದಿನಕ್ಕೆ ನಿಂತಿತು. ಓಣಿಯವರೆಲ್ಲ ಅವಳ ಕಷಾಯವನ್ನು ಹೊಗಳಿದರು.

ಎರಡು ತಿಂಗಳಿಗೆ ಮತ್ತೆ ಬಂತು. ಈ ಸಲ ದೊಡ್ಡಪ್ಪ ಕಷಾಯವನ್ನು ಹಿತ್ತಲಿನ ಬೇವಿನ ಬುಡಕ್ಕೆ ಸುರಿದು, ಕುಡಿದೆನೆಂದು ಹೆಂಡತಿಗೆ ಸುಳ್ಳು ಹೇಳಿದ. ಆಗಲೂ ಐದನೇ ದಿನಕ್ಕೆ ನಿಂತಿತು.

"ಕುಡಿದ್ರೂ ನಿಲ್ತೈತಿ, ಕುಡೀದಿದ್ರೂ ನಿಲ್ತೈತಿ," ಎಂದು ಅವನು ಕೊನೆಗೆ ಬಾಯಿಬಿಟ್ಟ. "ಅಂದ್ರ ಇದು ಬರೋದೂ ಹೋಗೋದೂ ತನ್ನ ಮನಸ್ಸಿಗೆ ಬಂದಂಗ. ನಿನ್ನ ಕಷಾಯದ ಮಾತು ಕೇಳಂಗಿಲ್ಲ ಬಿಡು."

ದೊಡ್ಡವ್ವ ಎರಡು ದಿನ ಅವನ ಸಂಗಡ ಮಾತಾಡಲಿಲ್ಲ. ಮೂರನೇ ಸಲ ಬಂದಾಗ ಅವನ ಎಡಬದಿಯ ಪಕ್ಕೆಯ ಕೆಳಗೆ ಒಂದು ಗಂಟು ಕೈಗೆ ಹತ್ತಿತು. ಬರೆ ಹಾಕುವ ಮುದುಕನೊಬ್ಬ ಕಬ್ಬಿಣ ಕಾಯಿಸಿಕೊಂಡು ಬಂದ. ಇಂಥ ಗಂಟಿಗೆ ಎಷ್ಟು ಮಂದಿಗೆ ಬರೆ ಹಾಕಿದ್ದೀ, ಅವರಲ್ಲಿ ಎಷ್ಟು ಮಂದಿ ಇನ್ನೂ ಉಂಡುಟ್ಟು ಇದ್ದಾರೆ ಎಂದು ದೊಡ್ಡಪ್ಪ ಕೇಳಿದ. ಮುದುಕ ಸಿಟ್ಟಾಗಿ ಎದ್ದು ಹೋದ. ಮರುದಿನ ಗಂಡಹೆಂಡತಿ ಗಾಡಿ ಕಟ್ಟಿಸಿಕೊಂಡು ಮಸ್ಕಿಯ ಮೇಲೆ ಹಾದು ಲಿಂಗಸುಗೂರಿನ ದವಾಖಾನೆಗೆ ಹೋದರು.

ಅಲ್ಲಿನ ಡಾಕ್ಟರು ಹೈದರಾಬಾದಿನ ಕಡೆಯವರು. ಹರಕು ಮುರುಕು ಕನ್ನಡದಲ್ಲೇ ಮಾತಾಡುವ ತಾಳ್ಮೆ ಅವರಿಗಿತ್ತು. ಹೊಟ್ಟೆ ಒತ್ತಿ ನೋಡಿದರು, ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಿಡಿಸಿ ಬಿಸಿಲಿಗೆ ಎತ್ತಿ ನೋಡಿದರು. ಎಡಗಡೆಯ ಗುರ್ದಾದಲ್ಲಿ, ಅಂದರೆ ಮೂತ್ರಪಿಂಡದಲ್ಲಿ, ಗಡ್ಡೆ ಬೆಳೆದಿದೆ ಎಂದರು. ಈಗ ನಾವು ಕ್ಯಾನ್ಸರ್ ಎನ್ನುವುದಕ್ಕೆ ಅವರು ಉರ್ದುವಿನಲ್ಲಿ ಸರತಾನ್ ಎಂದರು.

"ಸರತಾನ್ ಅಂದ್ರೇನ್ರೀ?"

"ಏಡಿ."

"ಏಡಿ ನನ್ನ ಹೊಟ್ಟ್ಯಾಗ ಹೆಂಗ ಹೊಕ್ಕೈತ್ರಿ?"

ಡಾಕ್ಟರು ನಕ್ಕರು. ಏಡಿ ಹೊಕ್ಕಿಲ್ಲ, ಏಡಿಯ ಕಾಲಿನ ಹಾಗೆ ಅತ್ತಿತ್ತ ಚಾಚಿ ಹಿಡಿಯುತ್ತದೆಂದು ಹಳಬರು ಇಟ್ಟ ಹೆಸರು ಎಂದು ವಿವರಿಸಿದರು. ದೊಡ್ಡಪ್ಪನಿಗೆ ಆ ಮಾತು ಹಿಡಿಸಿತು. ಸಾಯುವ ರೋಗ ಬಂದವನು ಹೀಗೆ ಕಣ್ಣರಳಿಸಿ ಕೇಳುತ್ತಾನಲ್ಲ ಎಂದು ದೊಡ್ಡವ್ವ ಮೂಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

ಅವನು ದಾರಿ ಎಷ್ಟಿವೆ ಎಂದು ಕೇಳಿದ. ಹಾಗೇ ಬಿಟ್ಟರೆ ಒಂದೆರಡು ವರ್ಷ ದೂಡಬಹುದು, ಆಮೇಲೆ ಏಡಿ ಎದೆಗೆ ಏರುತ್ತದೆ ಎಂದರು ಡಾಕ್ಟರು. ದೊಡ್ಡ ಪಟ್ಟಣಗಳಲ್ಲಿ ಕಿರಣ ಬಿಟ್ಟು ಸುಡುತ್ತಾರೆ, ಆದರೆ ಈ ಗಡ್ಡೆ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಉಳಿದದ್ದು ಹೈದರಾಬಾದಿಗೆ ಹೋಗಿ ಆ ಗುರ್ದಾವನ್ನೇ ಕೊಯ್ದು ತೆಗೆಸುವುದು. ಕೊಯ್ದಾಗಲೇ ಸಾಯುವವರೂ ಇದ್ದಾರೆ, ಹತ್ತರಲ್ಲಿ ಒಬ್ಬರೋ ಇಬ್ಬರೋ. ಅದನ್ನೂ ಅವರು ಮುಚ್ಚಿಡಲಿಲ್ಲ.

"ಅದನ್ನ ತೆಗದ್ರ ಉಳಿಯೋದು ಒಂದು. ಒಂದರ ಮ್ಯಾಲ ಮನಿಷ್ಯಾ ಬದುಕ್ತಾನ್ರೀ?"

"ಬದುಕ್ತಾನ. ಉಳಿದದ್ದು ದಪ್ಪ ಆಗಿ ಎರಡರ ಕೆಲಸ ಅದೇ ಮಾಡ್ತದ. ಕೆಲವರು ಹುಟ್ಟಿದಾಗಿಂದ ಒಂದೇ ಇಟ್ಕೊಂಡು ಬರ್ತಾರ. ಕಿತಾಬಿನಾಗ ಬರದಾರ."

ಈ ಮಾತು ಮಾತ್ರ ದೊಡ್ಡಪ್ಪನ ಗಂಟಲಲ್ಲಿ ಇಳಿಯಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದನ್ನು ಇಲ್ಲೇ ಹೇಳಿಬಿಡಬೇಕು.

ನಮ್ಮೂರಲ್ಲಿ ಹಬ್ಬದ ಮರುದಿನ ಕರಿಗೆ ಹದಿನಾರು ಮನೆಯವರು ಸೇರಿ ಒಂದು ಕುರಿ ಕೊಯ್ಯಿಸಿ ಪಾಲು ಹಾಕಿಕೊಳ್ಳುತ್ತಿದ್ದರು. ಕೊಯ್ಯುವವನು ಲಾಲ್‌ಸಾಬ್. ಚಾಪೆಯ ಮೇಲೆ ಹದಿನಾರು ಗುಡ್ಡೆ ಹಾಕುವವನು ನಮ್ಮ ದೊಡ್ಡಪ್ಪ. ಎಲುಬು, ಖಂಡ, ಕಾರ್ಜ, ಗುರ್ದಾ, ಎಲ್ಲವೂ ಪ್ರತಿ ಗುಡ್ಡೆಗೆ ಸಮನಾಗಿ ಬೀಳಬೇಕು. ಆಮೇಲೆ ಒಬ್ಬ ಬೆನ್ನು ತಿರುಗಿಸಿ ಕೂತು, ಇದು ಯಾರಿಗೆ ಎಂದು ಕೇಳಿದ ಹಾಗೆ ಒಂದೊಂದು ಹೆಸರು ಕೂಗುತ್ತಾನೆ. ಎಳ್ಳಷ್ಟು ಹೆಚ್ಚುಕಡಿಮೆ ಆದರೂ ಜಗಳ. ಆ ರೋಗಕ್ಕೆ ಏಳು ವರ್ಷ ಮೊದಲು ಒಂದು ಯುಗಾದಿಯ ಕರಿಗೆ, ಕೊಯ್ದ ಕುರಿಯಲ್ಲಿ ಒಂದೇ ಗುರ್ದಾ ಸಿಕ್ಕಿತು. ಅದರಲ್ಲಿ ಒಂದೇ ಇತ್ತೆಂದು ಲಾಲ್‌ಸಾಬ್ ಅಲ್ಲಾನ ಆಣೆ ಹಾಕಿದ. ದೇವರು ಒಂದೇ ಗುರ್ದಾದ ಪ್ರಾಣಿ ಮಾಡಿದ್ದನ್ನು ಯಾರಾದರೂ ಕಂಡಿದ್ದೀರಾ ಎಂದು ಹದಿನಾರು ಮನೆಯವರ ಮುಂದೆ ಕೇಳಿದವನು ನಮ್ಮ ದೊಡ್ಡಪ್ಪನೇ. ಯಾರೂ ಕಂಡಿರಲಿಲ್ಲ. ಅಂದಿನಿಂದ ಲಾಲ್‌ಸಾಬನ ಕೈಗೆ ಊರು ಚೂರಿ ಕೊಡಲಿಲ್ಲ. ಮಸ್ಕಿಯಿಂದ ಬೇರೆಯವನನ್ನು ಕರೆಸಿದರು. ಲಾಲ್‌ಸಾಬ್ ಹೋದಲ್ಲೆಲ್ಲ ಗುರ್ದಾ ಕಳ್ಳ ಎಂದು ಕರೆಸಿಕೊಂಡು, ಹಳೆಯ ಗಾದಿಗಳ ಅರಳೆ ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದ.

ಲಿಂಗಸುಗೂರಿನಿಂದ ಮರಳಿದ ದಿನವೇ ದೊಡ್ಡಪ್ಪ ಅವನ ಮನೆಯ ಮುಂದೆ ಹೋಗಿ ನಿಂತ. ಅವನ ಹೆಂಡತಿ ಖಾಸಿಂಬೀ ಇವನನ್ನು ಕಂಡು ಒಳಗೆ ಹೋದಳು. ಲಾಲ್‌ಸಾಬ್ ಅರಳೆಯಿಂದ ಕೈ ತೆಗೆಯಲಿಲ್ಲ.

"ಲಾಲ್‌ಸಾಬ್, ಒಂದು ಮಾತು ಕೇಳಬೇಕಾಗೈತಿ. ಆ ಕುರ್‍ಯಾಗ ಖರೇನ ಒಂದ ಇತ್ತೇನು?"

"ಅವತ್ತ ಅಲ್ಲಾನ ಆಣಿ ಹಾಕಿ ಹೇಳಿದ್ದು ನಂಬಲಿಲ್ಲ. ಇವತ್ತ ಯಾಕ ನಂಬ್ತಿ?"

ದೊಡ್ಡಪ್ಪ ಅಂಗಿ ಎತ್ತಿ ಪಕ್ಕೆಯ ಗಂಟು ತೋರಿಸಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಉಳಿದ ಗುರ್ದಾ ದಪ್ಪ ಆಗುತ್ತದೆ ಎಂಬ ಒಂದು ಮಾತನ್ನು ಮಾತ್ರ ಬೇಕೆಂದೇ ನುಂಗಿಕೊಂಡ. ಎಷ್ಟೇ ಆಗಲಿ, ಪರೀಕ್ಷೆ ಮಾಡದೆ ಬಿಡುವ ಆಸಾಮಿ ಅಲ್ಲ ಅವನು.

ಲಾಲ್‌ಸಾಬ್ ಆಗ ಅರಳೆ ಪಕ್ಕಕ್ಕಿಟ್ಟ.

"ಒಂದ ಇತ್ತು. ಇನ್ನೊಂದು ಇರೋ ಜಾಗದಾಗ ಬರೇ ಕೊಬ್ಬು. ಇದ್ದದ್ದು ನನ್ನ ಮುಷ್ಟಿಯಷ್ಟಿತ್ತು, ಅಂಥಾದ್ದು ನಾ ಮತ್ತ ಕಂಡಿಲ್ಲ. ಆ ಕುರಿ ಮೂರು ಸೂಲು ಮರಿ ಹಾಕಿತ್ತು, ಹಿಂಡಿನಾಗ ಅದ ಗಟ್ಟಿ." ಅವನು ದೊಡ್ಡಪ್ಪನ ಮುಖವನ್ನೇ ನೋಡಿದ. "ಅಲ್ಲೋ ಆದೆಪ್ಪ, ಅದನ್ನ ಹದಿನಾರು ತುಂಡು ಮಾಡಿದವ ನೀನ ಅಲ್ಲೇನು? ಅವತ್ತ ನಿನ್ನ ಪಾಲಿಗೆ ಗುರ್ದಾ ಏನರ ಕಡಿಮಿ ಬಿತ್ತೇನು?"

ದೊಡ್ಡಪ್ಪನಿಗೆ ಅಂದಿನ ಚಾಪೆ ಕಣ್ಣ ಮುಂದೆ ಬಂತು. ಎರಡು ಗುರ್ದಾ ಇದ್ದಾಗ ಒಂದೊಂದನ್ನು ಎಂಟು ತುಂಡು ಮಾಡುತ್ತಿದ್ದ. ಅಂದು ಒಂದನ್ನೇ ಹದಿನಾರು ಮಾಡಿದ್ದ. ಆದರೂ ತುಂಡುಗಳು ಎಂದಿನಷ್ಟೇ ದೊಡ್ಡವಿದ್ದವು. ಎತ್ತಿನ ಮೆಲುಕನ್ನು ಬಿಡದ ಮನುಷ್ಯ, ತನ್ನ ಕೈಯಲ್ಲೇ ಹಿಡಿದು ಕೊಯ್ದ ಆ ಗುರ್ದಾ ಯಾಕೆ ಅಷ್ಟು ದಪ್ಪ ಇದೆ ಎಂದು ಕೇಳಿರಲಿಲ್ಲ. ಕಳ್ಳ ಸಿಕ್ಕ ಮೇಲೆ ಪ್ರಶ್ನೆ ಯಾರಿಗೆ ಬೇಕು?

ಡಾಕ್ಟರು ನಮ್ಮೂರಿನ ಕುರಿ ಕಂಡವರಲ್ಲ, ಲಾಲ್‌ಸಾಬ್ ಅವರ ಕಿತಾಬು ಓದಿದವನಲ್ಲ. ಇಬ್ಬರೂ ಒಂದೇ ಮಾತು ಹೇಳಿದ ಮೇಲೆ ದೊಡ್ಡಪ್ಪನಿಗೆ ಧೈರ್ಯ ಬಂತು. ಆದರೆ ಆ ಧೈರ್ಯದ ಸಂಗಡ ನಾಚಿಕೆಯೂ ಬಂತು. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. ಬದುಕುತ್ತೇನೆಂದು ನಂಬಬೇಕಾದರೆ ಲಾಲ್‌ಸಾಬ್ ಕಳ್ಳನಲ್ಲ ಎಂದೂ ನಂಬಬೇಕು.

ಹೈದರಾಬಾದಿಗೆ ಹೊರಡುವ ಹಿಂದಿನ ದಿನ ಅವನು ಹದಿನಾರು ಮನೆಯವರನ್ನು ಹನುಮಪ್ಪನ ಗುಡಿಯ ಕಟ್ಟೆಗೆ ಕೂಡಿಸಿದ. "ಲಾಲ್‌ಸಾಬ್ ಕದ್ದಿರಲಿಲ್ಲ. ತಪ್ಪು ನಂದು. ನಾ ಮರಳಿ ಬರದಿದ್ರೂ ಈ ಮಾತು ಮರೀಬ್ಯಾಡ್ರಿ," ಎಂದು ಎಲ್ಲರೆದುರು ಕೈಮುಗಿದ. ಸಾಯುವ ಕಾಲಕ್ಕೆ ಬುದ್ಧಿ ಬಂತು ಎಂದು ಪಾಲಿನವರಲ್ಲಿ ಒಬ್ಬನಾದ ಮೈಲಾರಲಿಂಗಪ್ಪ ಗೊಣಗಿದನಂತೆ. ಅವನಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ರಾಯಚೂರಿನಿಂದ ರೈಲು ಹತ್ತಿ ಗಂಡಹೆಂಡತಿ ಹೋದರು. ಅಲ್ಲಿ ಅವನ ತೋಳಿಗೆ ಔಷಧಿ ಚುಚ್ಚಿ, ಹೊಟ್ಟೆಯ ಒಳಗಿನ ಫೋಟೋ ತೆಗೆದು, ಬಲಗಡೆಯದು ಚೆನ್ನಾಗಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಎಡಗಡೆಯದನ್ನು ತೆಗೆದರು. ಎಂಟು ದಿನ ಜ್ವರ ಬಿಡಲಿಲ್ಲ. ದೊಡ್ಡವ್ವ ಮಲ್ಲಯ್ಯನಿಗೂ ದರ್ಗಾಕ್ಕೂ ಹರಕೆ ಹೊತ್ತಳು. ಒಂಬತ್ತನೇ ದಿನ ಅವನು ಕಣ್ಣು ಬಿಟ್ಟು, ತೆಗೆದ ಗುರ್ದಾ ಎಲ್ಲಿ ಎಂದು ಕೇಳಿದ. ಅವಳು ಆಗ ತನ್ನ ಗಂಡ ಉಳಿದನೆಂದು ತಿಳಿದಳು. ಗಾಜಿನ ಭರಣಿಯಲ್ಲಿ ಇಟ್ಟಿದ್ದನ್ನು ತೋರಿಸಿದರು. ಅದರ ಬಣ್ಣ, ತೂಕ, ಏಡಿಯ ಕಾಲು ಎಲ್ಲಿವೆ ಎಂದೆಲ್ಲ ಕೇಳಿ ಕೇಳಿ ಅಲ್ಲಿದ್ದವರ ತಲೆ ತಿಂದನಂತೆ.

ಎರಡು ತಿಂಗಳ ಮೇಲೆ ಊರಿಗೆ ಬಂದು, ಕಾಲಿಗೆ ಬಲ ಬಂದ ದಿನ ಲಾಲ್‌ಸಾಬನ ಮನೆಗೆ ಹೋದ. ಅಷ್ಟರಲ್ಲಿ ಊರು ಲಾಲ್‌ಸಾಬನ ಕೈಗೆ ಮತ್ತೆ ಚೂರಿ ಕೊಟ್ಟಿತ್ತು. ದೊಡ್ಡಪ್ಪ ಪಕ್ಕೆಯಿಂದ ಬೆನ್ನಿನವರೆಗೆ ಹೋದ ಹೊಲಿಗೆಯ ಗುರುತು ತೋರಿಸಿದ. "ಈಗ ನಾನೂ ನಿನ್ನ ಕುರಿ ಹಂಗ ಆದೆ ನೋಡು," ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಖಾಸಿಂಬೀ ಬಂದು ಚಹಾದ ಬಟ್ಟಲನ್ನು ಅವನ ಮುಂದಿಟ್ಟಳು. ಅವಳು ನಗುತ್ತಿರಲಿಲ್ಲ.

"ಅಣ್ಣಾ, ನೀ ಎಲ್ಲಾರಿಗೂ ಕೇಳ್ತಿ. ಇವತ್ತ ನಾ ಒಂದು ಕೇಳ್ತೀನಿ. ನಿನಗ ಈ ರೋಗ ಬರದಿದ್ರ ನನ್ನ ಗಂಡ ಕಳ್ಳಾಗೇ ಸಾಯ್ತಿದ್ನೇನು?"

ಲಾಲ್‌ಸಾಬ್ ಅವಳನ್ನು ಗದರಿಸಲು ಹೋದ. ದೊಡ್ಡಪ್ಪ ಕೈ ಎತ್ತಿ ಅವನನ್ನು ತಡೆದ.

"ಹೌದು ತಂಗಿ," ಎಂದ. "ಕಳ್ಳಾಗೇ ಸಾಯ್ತಿದ್ದ."